ಸುರಿಕಾಟಾಗೆ ಪ್ಯಾಚ್ ಕಳಿಸುವ ಮುನ್ನ

ಸುರಿಕಾಟಾ ಎಂದರೆ ನೆಟ್‌ವರ್ಕ್ ಸಂಚಾರದಲ್ಲಿ ದಾಳಿ ಪತ್ತೆಹಚ್ಚುವ ಮುಕ್ತ ತಂತ್ರಾಂಶ. ಅದಕ್ಕೆ ಕಳಿಸಿದ ನನ್ನ ಮೊದಲ ಪ್ಯಾಚ್‌ನಲ್ಲಿ, ಅಂದರೆ ಕೋಡ್ ತಿದ್ದುಪಡಿಯಲ್ಲಿ, ಬದಲಿಸಬೇಕಿದ್ದದ್ದು ಎರಡೇ ಸಾಲು. ನಾನೋ, ಫೈಲಿನುದ್ದಕ್ಕೂ ಸ್ಪೇಸ್, ಟ್ಯಾಬ್ ಎಲ್ಲ ನೇರ್ಪಡಿಸಿ ನಾನೂರು ಸಾಲು ಕಳಿಸಿದ್ದೆ. ವಾಪಸ್ ಬಂತು, ಬರಬೇಕಾದ್ದೇ.

ಮೊದಲು ದೋಷಗಳನ್ನು ದಾಖಲಿಸುವ ತಾಣವಾದ ರೆಡ್‌ಮೈನ್‌ನಲ್ಲಿ ಟಿಕೆಟ್ ತೆರೆಯಿರಿ, ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿ. ಕಮಿಟ್ (ದಾಖಲಿಸಿದ ಒಂದು ಬದಲಾವಣೆ) ಶೀರ್ಷಿಕೆ, ನೀವು ತಿದ್ದಿದ ಮಾಡ್ಯೂಲ್ ಹೆಸರಿನಿಂದ ಶುರುವಾಗಲಿ. ಏನು ಬದಲಾಯಿತೆಂದು ಡಿಫ್ (ಹಳೆಯ-ಹೊಸ ಸಾಲುಗಳ ವ್ಯತ್ಯಾಸ) ಹೇಳುತ್ತದೆ; ಏಕೆ ಎಂಬುದನ್ನು ನೀವು ಬರೆಯಿರಿ. ದೋಷ ತೋರಿಸುವ ಪಿಕ್ಯಾಪ್ (ಹಿಡಿದಿಟ್ಟ ನೆಟ್‌ವರ್ಕ್ ಸಂಚಾರದ ಫೈಲು) ಕೈಯಲ್ಲಿದ್ದರೆ, ಯೋಜನೆಯ ಪರೀಕ್ಷೆಗಳ ಸಂಗ್ರಹವಾದ ಸುರಿಕಾಟಾ-ವೆರಿಫೈಗೆ ಪರೀಕ್ಷೆಯಾಗಿ ಸೇರಿಸಿ. ತಿದ್ದುಪಡಿ ಕೇಳಿದರೆ ಹಳೆಯ ಪುಲ್ ರಿಕ್ವೆಸ್ಟ್ (ಪ್ಯಾಚ್ ಸೇರಿಸಿಕೊಳ್ಳಿ ಎಂಬ ವಿನಂತಿ) ಮುಚ್ಚಿ, ಹೊಸದು ತೆರೆದು, ಹಳೆಯದರ ಕೊಂಡಿ ಕೊಡಿ. ನನಗಿದು ಮೊದಲು ಕಿರಿಕಿರಿಯೆನಿಸಿತ್ತು. ನಾನೇ ಪರಿಶೀಲನೆಗೆ ಕೂತಾಗ ಇದರ ಬೆಲೆ ತಿಳಿಯಿತು.

ಬೇರೆಯವರ ಪ್ಯಾಚ್ ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಉದ್ದದ ಫೀಲ್ಡಿಗೆ. ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಬರುವ ದತ್ತಾಂಶದ ತುಣುಕು) ತನ್ನ ಉದ್ದ ಇಷ್ಟು ಎಂದರೆ ಕೋಡ್ ಹಾಗೇ ನಂಬುತ್ತದೆಯೇ, ನಿಜವಾಗಿ ಬಂದ ಬೈಟುಗಳ ಜೊತೆ ತಾಳೆ ನೋಡುತ್ತದೆಯೇ? 2014ರಲ್ಲಿ ಬಯಲಾದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಇಷ್ಟೇ: ಆ ತಾಳೆ ಇರಲಿಲ್ಲ, ಒಂದೊಂದು ವಿನಂತಿಗೆ 64 ಕೆಬಿವರೆಗೆ ಮೆಮೊರಿ ಸೋರುತ್ತಿತ್ತು. ಆಮೇಲೆ ನೋಡುವುದು 16 ಬಿಟ್‌ನ ಎರಡು ಸಂಖ್ಯೆ ಕೂಡಿಸುವ ಜಾಗ: ಮೊತ್ತ 16 ಬಿಟ್‌ನಲ್ಲಿ ಹಿಡಿಸದಿದ್ದರೆ ಸುತ್ತಿಕೊಂಡು ಸೊನ್ನೆಯ ಹತ್ತಿರ ಬರಬಹುದು.

ಇಂಥದ್ದೇನಾದರೂ ಸಿಕ್ಕರೆ ಬಹಿರಂಗ ಟಿಕೆಟ್ ಬೇಡ, ಭದ್ರತಾ ತಂಡಕ್ಕೆ ಖಾಸಗಿಯಾಗಿ ತಿಳಿಸಿ.