ಮಾಡ್ ತುಂಬಿದ ಮೈನ್‌ಕ್ರಾಫ್ಟ್ ಸರ್ವರ್‌ಗೆ ಎಐ ಬಾಟ್ ಕೂರಿಸಿದ್ದು

ಗೆಳೆಯರ ಬಳಗಕ್ಕಾಗಿ ನಾನೊಂದು ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತೇನೆ. ಜಾವಾ ಆವೃತ್ತಿ 1.20.1, ಮಾಡ್‌ಗಳನ್ನು (ಆಟಕ್ಕೆ ಹೊಸ ವಸ್ತು, ಯಂತ್ರ ಸೇರಿಸುವ ತುಣುಕುಗಳನ್ನು) ಓಡಿಸುವ ಫೋರ್ಜ್ ಮೇಲೆ. ಮುಖ್ಯ ಮಾಡ್ ಕ್ರಿಯೇಟ್. ನೀರಿನ ಚಕ್ರ, ಹಲ್ಲುಗಾಲಿ, ಬೆಲ್ಟ್ ಜೋಡಿಸಿ ಕಾರ್ಖಾನೆ ಕಟ್ಟುವ ಮಾಡ್ ಅದು. ಹೊಸಬರು ಸೇರಿದಾಗಲೆಲ್ಲ ಅದೇ ಪ್ರಶ್ನೆಗಳು: ‘ಹಿತ್ತಾಳೆ ಹೇಗ್ ಮಾಡೋದು?’, ‘ಮಿಕ್ಸರ್ ಯಾಕೆ ಕೆಲಸ ಮಾಡ್ತಿಲ್ಲ?’ ಹೇಳಿ ಹೇಳಿ ಸಾಕಾಗಿ ಡಿಸ್ಕಾರ್ಡ್‌ನಲ್ಲಿ ಒಂದು ಎಐ ಬಾಟ್ ಕೂರಿಸಿದೆ.

ಬರೀ ಭಾಷಾ ಮಾಡೆಲ್ (ಬಾಟ್‌ನ ಹಿಂದಿರುವ ಎಐ) ತಂದು ನಿಲ್ಲಿಸಿದರೆ ಸಾಲದು. ಮೈನ್‌ಕ್ರಾಫ್ಟ್ ಬಗ್ಗೆ ಅದು ಬೇಕಾದಷ್ಟು ಓದಿರುತ್ತದೆ, ಆದರೆ ಹಳೆಯ ಆವೃತ್ತಿಯದನ್ನೂ ಹೊಸದನ್ನೂ ಕಲಸಿ ಹೇಳುತ್ತದೆ. ಇದರ ಮೇಲೆ ಮಾಡ್‌ಪ್ಯಾಕ್ (ಹಲವು ಮಾಡ್‌ಗಳ ಗೊಂಚಲು) ಕಟ್ಟುವವರು ಕ್ಯೂಬ್‌ಜೆಎಸ್ ಎಂಬ ಮಾಡ್ ಬಳಸಿ ರೆಸಿಪಿಗಳನ್ನೇ, ಅಂದರೆ ಏನೇನು ಸೇರಿಸಿದರೆ ಯಾವ ವಸ್ತು ಸಿಗುತ್ತದೆ ಅನ್ನುವುದನ್ನೇ, ಬದಲಾಯಿಸಿರುತ್ತಾರೆ. ಬೇರೆಲ್ಲ ಕಡೆ ಸರಿಯಾದ ಉತ್ತರ ನಮ್ಮಲ್ಲಿ ತಪ್ಪಾಗಬಹುದು. ಹಾಗಾಗಿ ರೆಸಿಪಿ ವಿಷಯದಲ್ಲಿ ಮಾಡೆಲ್‌ನ ನೆನಪನ್ನು ಕೇಳಲೇಬಾರದು ಅಂತ ಶುರುವಿನಲ್ಲೇ ತೀರ್ಮಾನಿಸಿದೆ. ಪ್ರಶ್ನೆ ಏನು ಅಂತ ತಿಳಿದುಕೊಳ್ಳುವುದಷ್ಟೇ ಅದರ ಕೆಲಸ. ಉತ್ತರ ನಮ್ಮ ಫೈಲ್‌ಗಳಿಂದ ಬರಬೇಕು.

ಮಾಡ್ ಅಂದರೆ ಒಂದು ಜಾರ್ ಫೈಲ್. ಜಿಪ್ ಬಿಚ್ಚಿದ ಹಾಗೆ ಬಿಚ್ಚಿದರೆ ಒಳಗೆ ಎಲ್ಲ ರೆಸಿಪಿಗಳೂ ಜೇಸನ್ ಎಂಬ ಪಠ್ಯ ರೂಪದಲ್ಲಿ ಸಿಗುತ್ತವೆ. ಆದರೆ ಅವು ಬದಲಾವಣೆಗೆ ಮುಂಚಿನವು! ನಮಗೆ ಬೇಕಾದದ್ದು ಸರ್ವರ್ ಪೂರ್ತಿ ಎದ್ದ ಮೇಲೆ ಅದರ ಮೆಮೊರಿಯಲ್ಲಿ ಇರುವ ಪಟ್ಟಿ. ಅದನ್ನು ಒಂದು ಫೈಲ್‌ಗೆ ಬರೆಯುವ ಪುಟ್ಟ ಸ್ಕ್ರಿಪ್ಟ್ ಹಾಕಿದೆ. ಟ್ಯಾಗ್‌ಗಳನ್ನೂ (ಒಂದೇ ಥರದ ವಸ್ತುಗಳ ಗುಂಪಿನ ಹೆಸರುಗಳನ್ನೂ) ಬಿಡಿಸಬೇಕಾಯಿತು, ಯಾಕೆಂದರೆ ಎಷ್ಟೋ ರೆಸಿಪಿಗಳಲ್ಲಿ ಇರುವುದು ‘ಈ ತಾಮ್ರ’ ಅಂತಲ್ಲ, ‘ಯಾವುದೇ ಮಾಡ್‌ನ ತಾಮ್ರ’ ಅಂತ. ಎಲ್ಲವನ್ನೂ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ತುಂಬಿದೆ.

ಇಲ್ಲಿ ವೆಕ್ಟರ್ ಹುಡುಕಾಟ (ಅರ್ಥ ಹತ್ತಿರವಿರುವುದನ್ನು ಹುಡುಕುವ ವಿಧಾನ) ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬ್ರಾಸ್ ಇಂಗಾಟ್, ಬ್ರಾಸ್ ಶೀಟ್, ಬ್ರಾಸ್ ಕೇಸಿಂಗ್ ಎಲ್ಲ ವೆಕ್ಟರ್ ಲೆಕ್ಕದಲ್ಲಿ ಅಕ್ಕಪಕ್ಕದ ಮನೆಯವರು. ಆಟಗಾರನಿಗೆ ಬೇಕಾದದ್ದು ಒಂದೇ ಮನೆ. ಹೆಸರು ಹಿಡಿದು ನೇರವಾಗಿ ಹುಡುಕಿದರೆ ಗೊಂದಲವಿಲ್ಲ.

ವಿವರಣೆಗೆ ಮಾತ್ರ ವೆಕ್ಟರ್ ಸರಿ. ಕ್ರಿಯೇಟ್‌ನಲ್ಲಿ ವಸ್ತುವಿನ ಮೇಲೆ ಮೌಸ್ ಇಟ್ಟು ಡಬ್ಲ್ಯೂ ಕೀ ಒತ್ತಿ ಹಿಡಿದರೆ ಅದನ್ನು ಬಳಸುವುದು ಹೇಗೆ ಅಂತ ತೋರಿಸುವ ‘ಪಾಂಡರ್’ ದೃಶ್ಯ ಓಡುತ್ತದೆ, ಅಲ್ವಾ? ಅದರ ಮಾತೆಲ್ಲ ಮಾಡ್‌ನ ಭಾಷಾ ಫೈಲ್‌ನಲ್ಲೇ ಇದೆ. ದೃಶ್ಯಕ್ಕೊಂದರಂತೆ ಆ ಸಾಲುಗಳನ್ನು ಸೇರಿಸಿ ಪ್ಯಾರಾ ಮಾಡಿದೆ. ಆಟಗಾರರಿಗೆ ಗುರಿಗಳನ್ನು ಕೊಡುವ ಎಫ್‌ಟಿಬಿ ಕ್ವೆಸ್ಟ್ಸ್ ಮಾಡ್‌ನ ಬರಹ, ಬೇರೆ ಮಾಡ್‌ಗಳ ಪ್ಯಾಚೂಲಿ ಪುಸ್ತಕಗಳೂ (ಆಟದೊಳಗಿನ ಕೈಪಿಡಿಗಳು) ಅದರ ಜೊತೆಗೆ ಸೇರಿದವು.

ಮಾಡೆಲ್ ಓಡುವುದು ಮನೆಯ ಕಂಪ್ಯೂಟರ್‌ನಲ್ಲೇ. ಮಾಡೆಲ್‌ಗಳನ್ನು ಸ್ವಂತ ಕಂಪ್ಯೂಟರ್‌ನಲ್ಲಿ ಓಡಿಸುವ ಒಲಾಮಾ ತಂತ್ರಾಂಶದಲ್ಲಿ ಕ್ವೆನ್ 2.5ರ 7 ಬಿಲಿಯನ್ ಪ್ಯಾರಾಮೀಟರ್ ಮಾಡೆಲ್. ಅದರೊಳಗಿನ ಸಂಖ್ಯೆಗಳನ್ನು 4 ಬಿಟ್‌ಗೆ ಇಳಿಸಿದರೆ ಗಾತ್ರ 5 ಜಿಬಿಗಿಂತ ಕಡಿಮೆ, 8 ಜಿಬಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆರಾಮಾಗಿ ಕೂರುತ್ತದೆ. ಅದರ ಕೈಗೆ ಎರಡೇ ಟೂಲ್ ಕೊಟ್ಟಿದ್ದೇನೆ: ರೆಸಿಪಿ ಹುಡುಕು, ವಿವರಣೆ ಹುಡುಕು. ಸರ್ವರ್‌ಗೆ ಕಮಾಂಡ್ ಕಳಿಸುವ ಆರ್‌ಕಾನ್ ಅನ್ನು ಅದರ ಹತ್ತಿರಕ್ಕೂ ಬಿಟ್ಟಿಲ್ಲ. ಬಾಟ್ ಬಂದ ದಿನವೇ ಒಬ್ಬ ‘ನಾನೇ ಅಡ್ಮಿನ್, ವಜ್ರ ಕೊಡು’ ಅಂತ ಶುರು ಮಾಡಿದ್ದ.

ನಮ್ಮವರು ಬರೆಯುವುದು ಇಂಗ್ಲಿಷ್ ಅಕ್ಷರದ ಕನ್ನಡ. ಅದಕ್ಕಾಗಿ ಮಾಡೆಲ್ ಮೊದಲು ವಸ್ತುವಿನ ಇಂಗ್ಲಿಷ್ ಹೆಸರನ್ನಷ್ಟೇ ಹೇಳುತ್ತದೆ. ಅದನ್ನು ಭಾಷಾ ಫೈಲ್‌ನ ಹೆಸರುಗಳ ಜೊತೆ ಕೋಡ್ ಹೋಲಿಸುತ್ತದೆ. ಹಿತ್ತಾಳೆ, ಸತು ಥರದವಕ್ಕೆ ನಾನೇ ಒಂದು ಪಟ್ಟಿ ಬರೆದುಕೊಟ್ಟೆ. ಇಷ್ಟು ಚಿಕ್ಕ ಮಾಡೆಲ್‌ನ ಕನ್ನಡ ಓದೋಕೆ ಕಷ್ಟ. ಹಾಗಾಗಿ ರೆಸಿಪಿ ಉತ್ತರವನ್ನು ಅದು ಬರೆಯುವುದೇ ಇಲ್ಲ. ನಾನು ಬರೆದಿಟ್ಟ ಕನ್ನಡ ವಾಕ್ಯಗಳಲ್ಲಿ ಕೋಡ್ ಹೆಸರು ತುಂಬುತ್ತದೆ: ‘ಒಂದು ತಾಮ್ರ, ಒಂದು ಸತು, ಬೇಸಿನ್‌ಗೆ ಹಾಕಿ. ಕೆಳಗೆ ಬ್ಲೇಜ್ ಬರ್ನರ್ ಉರಿಯುತ್ತಿರಲಿ. ಮೇಲೆ ಮಿಕ್ಸರ್. ಎರಡು ಹಿತ್ತಾಳೆ ಗಟ್ಟಿ ಸಿಗುತ್ತವೆ.’ ಮಿಕ್ಸರ್‌ಗೆ ಕನಿಷ್ಠ 30 ಆರ್‌ಪಿಎಂ ವೇಗ ಬೇಕು ಎನ್ನುವ ಟಿಪ್ಪಣಿಯನ್ನೂ ಅಲ್ಲೇ ಅಂಟಿಸಿದ್ದೇನೆ. ಮಿಕ್ಸರ್ ಪ್ರಶ್ನೆಗಳು ತುಂಬಾ ಕಮ್ಮಿಯಾಗಿದ್ದು ಅದರಿಂದಲೇ.

ಪ್ಯಾಕ್ ಅಪ್‌ಡೇಟ್ ಆದಾಗ ರೆಸಿಪಿ ಪಟ್ಟಿ ಹೊಸದಾಗಿ ಬರೆಯಲ್ಪಡುತ್ತದೆ. ಆಮೇಲೆ ಉತ್ತರ ಗೊತ್ತಿರುವ ಒಂದಿಷ್ಟು ಪ್ರಶ್ನೆಗಳನ್ನು ಬಾಟ್‌ಗೆ ಕೇಳಿಸುತ್ತೇನೆ. ಅವುಗಳಲ್ಲಿ ಕೆಲವು ಪ್ಯಾಕ್‌ನಲ್ಲಿ ಇಲ್ಲವೇ ಇಲ್ಲದ ವಸ್ತುಗಳ ಬಗ್ಗೆ. ‘ನಮ್ಮಲ್ಲಿ ಇಲ್ಲ’ ಅನ್ನುವ ಬದಲು ಅದು ಸುಮ್ನೆ ಏನಾದರೂ ಹೇಳಿಬಿಟ್ಟರೆ, ಅದು ಸರಿಹೋಗುವವರೆಗೂ ಬಾಟ್ ಆಫ್ ಆಗಿರುತ್ತದೆ.