ಮನೆಯ ಟಿವಿಯಲ್ಲಿ ಸ್ಟ್ರೀಟ್ ಫೈಟರ್ 2: ಹಡೋಕೆನ್ ಯಾಕೆ ಬರುತ್ತಿಲ್ಲ?

ಪಾರ್ಲರ್‌ನಲ್ಲಿ ಸಲೀಸಾಗಿ ಬರುತ್ತಿದ್ದ ಹಡೋಕೆನ್ (ಸ್ಟ್ರೀಟ್ ಫೈಟರ್ 2 ಎಂಬ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ರ್ಯೂ ಎಂಬ ಪಾತ್ರ ಅಂಗೈಯಿಂದ ಎಸೆಯುವ ಶಕ್ತಿಯ ಉಂಡೆ) ಮನೆಯಲ್ಲಿ ಕೂತು ಆಡಿದರೆ ಹತ್ತಕ್ಕೆ ನಾಲ್ಕು ಸಲವೂ ಬರುವುದಿಲ್ಲ. ಕೈ ಮರೆತುಹೋಗಿದೆ ಅಂದುಕೊಳ್ಳುವವರೇ ಹೆಚ್ಚು. ಎಷ್ಟೋ ಸಲ ತಪ್ಪು ಕೈಯದಲ್ಲ, ಟಿವಿಯದ್ದು. 1991ರಲ್ಲಿ ಕ್ಯಾಪ್ಕಾಮ್ ಈ ಆಟ ಮಾಡಿದ್ದು ಪಿಕ್ಚರ್ ಟ್ಯೂಬ್ ಪರದೆಗೆ, ಎಂಟು ದಿಕ್ಕಿನ ಜಾಯ್‌ಸ್ಟಿಕ್‌ಗೆ, ಆರು ಬಟನ್‌ಗಳಿಗೆ. ಮೊದಲು ಇವುಗಳನ್ನು ಸರಿ ಮಾಡಿಕೊಳ್ಳಿ, ಅಭ್ಯಾಸ ಆಮೇಲೆ.

ಆಟಕ್ಕೆ 2018ರಲ್ಲಿ ಬಂದ 'ಸ್ಟ್ರೀಟ್ ಫೈಟರ್ 30ತ್ ಆನಿವರ್ಸರಿ ಕಲೆಕ್ಷನ್' ಸಾಕು. ಪಿಎಸ್4, ಎಕ್ಸ್‌ಬಾಕ್ಸ್ ಒನ್, ಸ್ವಿಚ್ ಮೂರಕ್ಕೂ ಇದೆ. ಪಿಎಸ್4 ಆವೃತ್ತಿ ಪಿಎಸ್5ರಲ್ಲೂ ಓಡುತ್ತದೆ. ಒಳಗಿರುವ 12 ಆಟಗಳಲ್ಲಿ ಮೊದಲು ತೆರೆಯಬೇಕಾದ್ದು 1992ರ 'ಹೈಪರ್ ಫೈಟಿಂಗ್' ಎಂಬ ಸ್ಟ್ರೀಟ್ ಫೈಟರ್ 2ರ ಆವೃತ್ತಿ. 1991ರ ಮೂಲ ಆಟದಲ್ಲಿ ಇಬ್ಬರೂ ಒಂದೇ ಪಾತ್ರ ಆರಿಸುವಂತಿಲ್ಲ, ಕೊನೆಗೆ ಎದುರಾಗುವ ಸಾಗಟ್‌ನಂಥ ಬಾಸ್‌ಗಳು ಕೈಗೆ ಸಿಗುವುದಿಲ್ಲ. ಹೈಪರ್ ಫೈಟಿಂಗ್‌ನಲ್ಲಿ ಎರಡೂ ಸಿಗುತ್ತವೆ, ವೇಗವೂ ಹೆಚ್ಚು. 1999ರ 'ಥರ್ಡ್ ಸ್ಟ್ರೈಕ್' ನೋಡಲು ಬಲು ಚೆಂದ, ಆದರೆ ಅದರ ಪ್ಯಾರಿ (ಬಂದ ಹೊಡೆತವನ್ನು ಕ್ಷಣ ನೋಡಿ ತಟ್ಟಿಬಿಡುವುದು) ಕಲಿಯುವುದೇ ಬೇರೆ ವಿದ್ಯೆ. ಅದನ್ನು ಆಮೇಲೆ ಹಿಡಿಯಿರಿ.

ಈಗ ಟಿವಿ. ಆಟ ಸೆಕೆಂಡಿಗೆ ಸುಮಾರು 60 ಫ್ರೇಮ್ (ಬಿಡಿ ಚಿತ್ರ) ಓಡುತ್ತದೆ, ಅಂದರೆ ಒಂದು ಫ್ರೇಮ್ 16.7 ಮಿಲಿಸೆಕೆಂಡ್. ಇಂದಿನ ಟಿವಿಗಳು ಚಿತ್ರವನ್ನು ನುಣುಪು ಮಾಡಲು ಕೆಲವು ಫ್ರೇಮ್‌ಗಳನ್ನು ಹಿಡಿದಿಟ್ಟುಕೊಂಡು ತೋರಿಸುತ್ತವೆ. 100 ಮಿಲಿಸೆಕೆಂಡ್ ತಡವಾದರೆ ನೀವು ನೋಡುತ್ತಿರುವುದು ಆರು ಫ್ರೇಮ್ ಹಿಂದಿನ ಆಟ. ಎದುರಾಳಿ ಹಾರಿದ್ದು ಕಂಡು ಶೋರ್ಯುಕೆನ್ (ಮೇಲಕ್ಕೆ ಹಾರಿ ಹೊಡೆಯುವ ಪಂಚ್) ಹಾಕುವಷ್ಟರಲ್ಲಿ ಅವನ ಒದೆ ಬಿದ್ದಿರುತ್ತದೆ. ಟಿವಿಯ ಪಿಕ್ಚರ್ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ. ಕನ್ಸೋಲ್ ಜೋಡಿಸಿರುವ ಎಚ್‌ಡಿಎಂಐ ಪೋರ್ಟಿಗೇ ಅದು ಅನ್ವಯಿಸಿದೆಯೇ ನೋಡಿ, ಏಕೆಂದರೆ ಹಲವು ಟಿವಿಗಳಲ್ಲಿ ಒಂದೊಂದು ಪೋರ್ಟಿಗೂ ಬೇರೆ ಸೆಟ್ಟಿಂಗ್ ಇರುತ್ತದೆ. ಸರಿಯಾಗಿದೆಯೇ ತಿಳಿಯಲು ಟಿವಿಯ ಸದ್ದು ಅಡಗಿಸಿ ಲಘು ಪಂಚ್ ಒತ್ತಿ: ಬಟನ್ನಿನ 'ಟಕ್' ಕೇಳಿದ್ದಕ್ಕೂ ರ್ಯೂ ಕೈ ಚಾಚಿದ್ದಕ್ಕೂ ನಡುವೆ ಬಿಡುವು ಕಾಣಬಾರದು. ಗೇಮ್ ಮೋಡ್ ತೆಗೆದು, ಹಾಕಿ ಎರಡೂ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಟಿವಿಯದ್ದೇ ಸ್ಪೀಕರ್ ಇಟ್ಟುಕೊಳ್ಳಿ.

ಪರದೆ ತುಂಬಾ ಹಿಗ್ಗಿಸಿ ಆಡಬೇಡಿ. ಈ ಆಟದ ಚಿತ್ರ 384×224 ಪಿಕ್ಸೆಲ್. ಆದರೂ ಆರ್ಕೇಡ್ (ಪಾರ್ಲರ್ ಯಂತ್ರ) ಪರದೆಯ ಅಗಲ-ಎತ್ತರ 4:3 ಆಗಿದ್ದರಿಂದ ಕಲಾವಿದರು ಬಿಡಿಸಿದ್ದು ಆ ಅಳತೆಗೆ. 16:9ಕ್ಕೆ ಎಳೆದರೆ ಚುನ್-ಲೀ ಕೂಡ ದೈತ್ಯ ಕುಸ್ತಿಪಟು ಜಾಂಗೀಫ್‌ನ ಹಾಗೆ ದಪ್ಪಗಾಗುತ್ತಾಳೆ, ದೂರದ ಅಂದಾಜೂ ಕೆಡುತ್ತದೆ. ಫುಲ್ ಎಚ್‌ಡಿ ಟಿವಿಯಲ್ಲಿ ಸರಿಯಾದ ಚಿತ್ರ 1440×1080, ಎರಡೂ ಬದಿಯಲ್ಲಿ ಖಾಲಿ ಪಟ್ಟಿ. 224 ಸಾಲನ್ನು 1080ಕ್ಕೆ ಹಂಚಿದರೆ ಸಮ ಬೀಳುವುದಿಲ್ಲ: ಕೆಲವು ಸಾಲು ನಾಲ್ಕು ಪಿಕ್ಸೆಲ್ ದಪ್ಪ, ಕೆಲವು ಐದು. ಹಳೆಯ ಟಿವಿಯಂತೆ ಗೆರೆ ತೋರಿಸುವ ಫಿಲ್ಟರ್ ಹಾಕಿದಾಗ ಅಲ್ಲಲ್ಲಿ ಅಡ್ಡ ಪಟ್ಟೆ ಎದ್ದು ಕಂಡರೆ ಕಾರಣ ಇದೇ; ಫಿಲ್ಟರ್ ತೆಗೆದುಬಿಡಿ.

ಕಂಟ್ರೋಲರ್‌ನಲ್ಲಿ ಅನಲಾಗ್ ಸ್ಟಿಕ್ ಬೇಡ, ಡಿ-ಪ್ಯಾಡ್ (ದಿಕ್ಕಿನ ಬಟನ್) ಬಳಸಿ. ಸ್ವಿಚ್‌ನ ಎಡ ಜಾಯ್‌ಕಾನ್‌ನಲ್ಲಿ ದಿಕ್ಕುಗಳು ನಾಲ್ಕು ಬಿಡಿ ಬಟನ್ ಆಗಿರುವುದರಿಂದ ಬೆರಳು ಜಾರಿಸಿ ಓರೆ ದಿಕ್ಕು ಹಿಡಿಯುವುದು ಕಷ್ಟ. ಪ್ಲೇಸ್ಟೇಷನ್‌ನಲ್ಲಿ ಬಟನ್‌ಗಳನ್ನು ಹೀಗೆ ಹೊಂದಿಸಿ: ಸ್ಕ್ವೇರ್, ಟ್ರಯಾಂಗಲ್, ಆರ್1 ಕ್ರಮವಾಗಿ ಲಘು, ಮಧ್ಯಮ, ಬಲವಾದ ಪಂಚ್, ಕ್ರಾಸ್, ಸರ್ಕಲ್, ಆರ್2 ಅದೇ ಕ್ರಮದಲ್ಲಿ ಕಿಕ್. ಆರ್ಕೇಡ್‌ನ ಎರಡು ಸಾಲು ಹಾಗೇ ಉಳಿಯುತ್ತವೆ. ಆರ್ಕೇಡ್ ಸ್ಟಿಕ್ ಕೊಳ್ಳುವುದಾದರೆ ಬಿಡಿಭಾಗ ಬದಲಿಸಲು ಬರುವಂಥದ್ದನ್ನೇ ಆರಿಸಿ. ಸಾನ್ವಾ ಕಂಪನಿಯ ಜೆಎಲ್ಎಫ್ ಸ್ಟಿಕ್, 30 ಮಿ.ಮೀ. ಬಟನ್ ಹಾಕುವಂತಿದ್ದರೆ ಒಂದು ಬಟನ್ ಕೆಟ್ಟರೆ ಅದೊಂದನ್ನೇ ಬದಲಿಸಿಕೊಳ್ಳಬಹುದು.

ಇನ್ನು ಕೈಯ ಕೆಲಸ. ಟ್ರೇನಿಂಗ್ ಮೋಡ್‌ನಲ್ಲಿ ರ್ಯೂನನ್ನು ಆರಿಸಿ. ಹಡೋಕೆನ್‌ಗೆ ಕೆಳಗೆ, ಕೆಳಗೆ-ಮುಂದೆ, ಮುಂದೆ, ಆಮೇಲೆ ಪಂಚ್. ಬಗ್ಗಿದ ಪಂಚ್ ಬಂತೆಂದರೆ ಹೆಬ್ಬೆರಳು ಇನ್ನೂ ಓರೆಯಲ್ಲಿರುವಾಗಲೇ ಬಟನ್ ಒತ್ತಿದ್ದೀರಿ. ಹಾರಿಬಿಟ್ಟರೆ ಹೆಬ್ಬೆರಳು 'ಮುಂದೆ'ಯನ್ನು ದಾಟಿ ಮೇಲಕ್ಕೆ ಹೋಗಿದೆ. ಶೋರ್ಯುಕೆನ್‌ಗೆ ಮುಂದೆ, ಕೆಳಗೆ, ಕೆಳಗೆ-ಮುಂದೆ ಮತ್ತು ಪಂಚ್, ಮುಗಿಯಬೇಕಾದ್ದು ಓರೆಯಲ್ಲಿ.

ಎಲ್ಲರೂ ಎಡವುವ ಜಾಗ ಒಂದಿದೆ. ಮುಂದೆ ನಡೆಯುತ್ತಾ ಹಡೋಕೆನ್ ಹಾಕಲು ಹೋದರೆ ಶೋರ್ಯುಕೆನ್ ಬಂದು ರ್ಯೂ ಗಾಳಿಯಲ್ಲಿ ಸಿಕ್ಕಿಬೀಳುತ್ತಾನೆ. ನಡೆದ 'ಮುಂದೆ'ಯನ್ನೂ ಆಟ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ: ಮುಂದೆ, ಕೆಳಗೆ, ಕೆಳಗೆ-ಮುಂದೆ, ಅದೇ ಶೋರ್ಯುಕೆನ್ ಆಗಿಹೋಯಿತು. ನಡೆದ ಮೇಲೆ ಡಿ-ಪ್ಯಾಡ್ ಒಂದು ಕ್ಷಣ ಪೂರ್ತಿ ಬಿಟ್ಟು, ಆಮೇಲೆ ಕೆಳಗಿನಿಂದ ಶುರು ಮಾಡಿ.

ಇನ್ನೊಂದು ಪಾತ್ರ ಗೈಲ್ ಎಸೆಯುವ ಸೋನಿಕ್ ಬೂಮ್‌ಗೆ 'ಹಿಂದೆ'ಯನ್ನು ಸುಮಾರು ಒಂದು ಸೆಕೆಂಡ್ ಒತ್ತಿಹಿಡಿದು, ಮುಂದೆ ತಂದು ಪಂಚ್. 'ಕೆಳಗೆ-ಹಿಂದೆ' ಹಿಡಿದು ಕೂತರೂ ಆ ಎಣಿಕೆ ನಡೆಯುತ್ತಲೇ ಇರುತ್ತದೆ, ಕೆಳಗಿನ ಹೊಡೆತಗಳನ್ನೂ ತಡೆಯಬಹುದು. ಜಾಂಗೀಫ್ ಎದುರಾಳಿಯನ್ನು ಹಿಡಿದು ನೆಲಕ್ಕೆ ಅಪ್ಪಳಿಸುವ ಪೈಲ್‌ಡ್ರೈವರ್‌ಗೆ ಡಿ-ಪ್ಯಾಡ್‌ನಲ್ಲಿ ಪೂರ್ತಿ ಸುತ್ತು ಬೇಕು, ನಿಂತಲ್ಲಿ ಸುತ್ತಿದರೆ ಅವನು ಹಾರಿಬಿಡುತ್ತಾನೆ. ಒಮ್ಮೆ ಹಾರಿ, ಇಳಿಯುತ್ತಿರುವಾಗಲೇ ಸುತ್ತು ಮುಗಿಸಿ, ಕಾಲು ನೆಲ ಮುಟ್ಟುತ್ತಲೇ ಪಂಚ್ ಒತ್ತಿ.

ಎಡಬದಿಯಲ್ಲಿ ಹತ್ತಕ್ಕೆ ಒಂಬತ್ತು ಸಲ ಬರುವವರೆಗೆ ಮುಂದಿನ ಪಟ್ಟು ಹಿಡಿಯಬೇಡಿ. ಆಮೇಲೆ ಎದುರಾಳಿಯ ಮೇಲೆ ಹಾರಿ ಬಲಬದಿಗೆ ಹೋಗಿ ಅಷ್ಟೇ ಸಲ ಮಾಡಿ. ಅಲ್ಲಿ 'ಮುಂದೆ' ಅಂದರೆ ಎಡ, ಹೆಬ್ಬೆರಳು ಒಳಕ್ಕೆ ಎಳೆಯುವ ಬದಲು ಹೊರಕ್ಕೆ ತಳ್ಳಬೇಕು. ಹೆಚ್ಚಿನವರ ಹಡೋಕೆನ್ ಕೈಕೊಡುವುದು ಈ ಬದಿಯಲ್ಲೇ.