ಎಳೆಗೂಸು ಪದೇ ಪದೇ ಅತ್ತರೆ: ಬಾಣಂತಿಗೂ ಮನೆಯವರಿಗೂ

ಹುಟ್ಟಿದ ಮೊದಲ ವಾರವನ್ನು ಬಹುಪಾಲು ನಿದ್ದೆಯಲ್ಲೇ ಕಳೆದ ಮಗು ಎರಡನೆಯ ವಾರ ದಾಟುತ್ತಿದ್ದಂತೆ, ಅದರಲ್ಲೂ ದೀಪ ಹಚ್ಚುವ ಹೊತ್ತಿಗೆ, ಅಳಲು ತೊಡಗುತ್ತದೆ. ವಾರದಿಂದ ವಾರಕ್ಕೆ ಈ ಅಳು ಹೆಚ್ಚುತ್ತ ಹೋಗಿ, ಸುಮಾರು ಆರನೆಯ ವಾರದಲ್ಲಿ ವಿಪರೀತವಾಗಿ, ಮೂರು ನಾಲ್ಕು ತಿಂಗಳು ತುಂಬುವ ವೇಳೆಗೆ ತಾನಾಗಿಯೇ ತಗ್ಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಈ ವಾರಗಳನ್ನು ವೈದ್ಯರು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಆರೋಗ್ಯವಾಗಿರುವ ಮಗುವೂ ಹೀಗೆ ಅಳುತ್ತದೆ ಎಂಬುದನ್ನು ಮನೆಯವರೆಲ್ಲ ಮೊದಲೇ ತಿಳಿದಿರುವುದು ಒಳ್ಳೆಯದು. ಏಕೆಂದರೆ ನಮ್ಮ ಮನೆಗಳಲ್ಲಿ ಮಗು ಎಡೆಬಿಡದೆ ಅತ್ತ ಕೂಡಲೇ ಕೇಳಿಬರುವ ಮಾತು "ತಾಯಿಗೆ ಹಾಲು ಸಾಲುತ್ತಿಲ್ಲ" ಎಂಬುದು. ಈ ಮಾತು ಬಾಣಂತಿಯ ಧೈರ್ಯವನ್ನು ಕುಗ್ಗಿಸಿ, ಅಗತ್ಯವಿಲ್ಲದ ಡಬ್ಬಿ ಹಾಲನ್ನು ಮನೆಗೆ ತರಿಸುತ್ತದೆ. ಡಬ್ಬಿ ಹಾಲು ಕುಡಿದ ಮಗು ಎದೆ ಚೀಪುವುದನ್ನು ಕಡಿಮೆ ಮಾಡುತ್ತದೆ, ಚೀಪುವುದು ಕಡಿಮೆಯಾದಂತೆ ಹಾಲಿನ ಉತ್ಪತ್ತಿಯೂ ಇಳಿಯುತ್ತದೆ, ಕೊನೆಗೆ ಸುಳ್ಳಾಗಿದ್ದ ಮಾತು ನಿಜವಾಗಿಬಿಡುತ್ತದೆ.

ಹಾಲು ಸಾಲುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬಾರದು. ಒದ್ದೆ ಬಟ್ಟೆಯಿಂದ ಮತ್ತು ತೂಕದಿಂದ ಅಳೆಯಬೇಕು. ಹುಟ್ಟಿದ ಐದಾರು ದಿನಗಳ ನಂತರ ಮಗು 24 ಗಂಟೆಗಳಲ್ಲಿ ಆರು ಅಥವಾ ಹೆಚ್ಚು ಸಲ ತಿಳಿಯಾದ ಮೂತ್ರ ಮಾಡುತ್ತಿದ್ದರೆ, ಮೊದಲ ವಾರದಲ್ಲಿ ಇಳಿದ ತೂಕ ಎರಡು ವಾರದೊಳಗೆ ಮರಳಿ ಬಂದಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಭೇಟಿ ನೀಡಿ ಮಗುವನ್ನು ತೂಗಬೇಕೆಂಬ ವ್ಯವಸ್ಥೆಯಿದೆ. ಬಾಣಂತನಕ್ಕೆ ತವರಿಗೆ ಹೋಗಿದ್ದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿರಬೇಕು, ಇಲ್ಲವಾದರೆ ಎರಡೂ ಊರಿನ ಲೆಕ್ಕದಿಂದ ಮಗು ತಪ್ಪಿಹೋಗುತ್ತದೆ. ಮೂತ್ರ ಕಡಿಮೆಯಾಗಿದ್ದರೆ ಅಥವಾ ತೂಕ ಏರದಿದ್ದರೆ ಮಾತ್ರ ಮಗು ಎದೆ ಕಚ್ಚುವ ಬಗೆಯನ್ನು ದಾದಿಯರಿಗೋ ವೈದ್ಯರಿಗೋ ತೋರಿಸಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ, ಸೊಪ್ಪು ತರಕಾರಿ ಬಿಡಿಸುವ ಪಥ್ಯದಿಂದ ಮಗುವಿನ ಅಳು ನಿಲ್ಲುವುದಿಲ್ಲ. ಆಕೆ ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು, ಹೊಟ್ಟೆ ತುಂಬ ಊಟ ಮಾಡಬೇಕು.

ಹಸಿವಿನ ಸೂಚನೆಗಳಲ್ಲಿ ಅಳು ಕೊನೆಯದು. ಅದಕ್ಕೂ ಮೊದಲೇ ಮಗು ತುಟಿ ಚಪ್ಪರಿಸುತ್ತದೆ, ಕೆನ್ನೆಗೆ ಏನು ತಾಕಿದರೂ ಅತ್ತ ಬಾಯಿ ತಿರುಗಿಸುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ. ಆಗಲೇ ಎದೆಗೆ ಹಾಕಿಕೊಂಡರೆ ಬಹಳಷ್ಟು ಅಳುವನ್ನು ತಪ್ಪಿಸಬಹುದು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಈ ವಯಸ್ಸಿಗೆ ಸಹಜ, ಸಂಜೆಯಲ್ಲಿ ಗಂಟೆಗೊಮ್ಮೆ ಕೇಳಿದರೂ ಗಾಬರಿ ಬೇಡ. ಹಾಲು ಕುಡಿಯುವಾಗ ಮಗುವಿನ ಕೈಯನ್ನು ಗಮನಿಸಿ. ಆರಂಭದಲ್ಲಿ ಬಿಗಿಯಾಗಿ ಮಡಚಿದ್ದ ಮುಷ್ಟಿ ಹೊಟ್ಟೆ ತುಂಬಿದಂತೆ ಒಂದೊಂದೇ ಬೆರಳಾಗಿ ಸಡಿಲಗೊಂಡು, ಕೊನೆಗೆ ಅಂಗೈ ಬಿಡಿಸಿಕೊಂಡು ತಾಯಿಯ ಎದೆಯ ಮೇಲೆ ಬೀಳುತ್ತದೆ. ಅದಾದ ಮೇಲೆ ಹೆಗಲಿಗೆ ಹಾಕಿಕೊಂಡು, ಕುತ್ತಿಗೆಗೆ ಆಸರೆ ಕೊಟ್ಟು, ತೇಗು ಬರುವವರೆಗೆ ಬೆನ್ನನ್ನು ಮೆಲ್ಲಗೆ ತಟ್ಟಬೇಕು. ಹತ್ತು ನಿಮಿಷವಾದರೂ ತೇಗು ಬಾರದಿದ್ದರೆ ಬಲವಂತ ಮಾಡಬೇಕಾಗಿಲ್ಲ.

ಹಾಲು ಕುಡಿದ ಮೇಲೂ ಅಳು ನಿಲ್ಲದಿದ್ದರೆ, ಬಟ್ಟೆ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಮಗುವಿನ ಮೈಯನ್ನೆಲ್ಲ ಒಮ್ಮೆ ನೋಡಬೇಕು. ಒದ್ದೆ ಬಟ್ಟೆ, ಕೆಂಪಾದ ತೊಡೆಸಂದಿ, ಬಿಗಿಯಾದ ಉಡುದಾರ, ಚರ್ಮ ಒತ್ತುವ ಕೈಗಡಗ ಇವೆಲ್ಲ ಕೂಡಲೇ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಬೀಳದೆ ಉಳಿಯುವುದು ಕಾಲ್ಬೆರಳಿಗೆ ಸುತ್ತಿಕೊಂಡ ತಲೆಗೂದಲು ಅಥವಾ ಕಾಲುಚೀಲದ ನೂಲಿನ ಎಳೆ. ಅದು ಚರ್ಮದೊಳಗೆ ಇಳಿದು ಬೆರಳಿನ ತುದಿ ಕೆಂಪಾಗಿ ಊದಿಕೊಂಡಿರುತ್ತದೆ, ಎಳೆ ಮಾತ್ರ ಕಾಣುವುದೇ ಇಲ್ಲ. ಸುಲಭವಾಗಿ ಬಿಡಿಸಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ರಕ್ತಸಂಚಾರ ನಿಂತರೆ ಬೆರಳಿಗೇ ಅಪಾಯ. ಸೆಕೆಯನ್ನೂ ಮರೆಯಬಾರದು. ರಾಯಚೂರು, ಕಲಬುರಗಿಯ ಕಡೆಯ ಏಪ್ರಿಲ್ ತಿಂಗಳಲ್ಲೂ ಕುಲಾವಿ, ಸ್ವೆಟರ್, ಕಾಲುಚೀಲ ತೊಡಿಸಿ ಕಿಟಕಿ ಮುಚ್ಚಿಟ್ಟ ಕೋಣೆಯಲ್ಲಿ ಮಗು ಅತ್ತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎಳೆಗೂಸಿನ ಕೈಕಾಲು ಸಾಮಾನ್ಯವಾಗಿಯೇ ತಣ್ಣಗಿರುವುದರಿಂದ, ಕುತ್ತಿಗೆಯ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಬೇಕು; ಅಲ್ಲಿ ಬೆವರಿದ್ದರೆ ಒಂದು ಪದರ ಬಟ್ಟೆ ಕಳಚಬೇಕು.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದಾಗ ಮಗುವಿಗೆ ಬೇಕಾಗಿರುವುದು ಮೈಶಾಖ ಮತ್ತು ಚಲನೆ. ಬಟ್ಟೆಯಿಲ್ಲದ ಮಗುವನ್ನು ತಾಯಿಯ ಅಥವಾ ತಂದೆಯ ಬರಿಯ ಎದೆಗೆ ಒರಗಿಸಿ ಮೇಲೊಂದು ಹೊದಿಕೆ ಹೊದಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಉಪಾಯ. ಅದರಿಂದ ಸಮಾಧಾನವಾಗದಿದ್ದರೆ ಎತ್ತಿಕೊಂಡು, ತಟಕ್ಕನೆ ತಿರುಗದೆ ಒಂದೇ ಹದದಲ್ಲಿ ನಡೆಯಬೇಕು. ಜಪಾನಿನ ರೈಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಡೆದು, ಅದು ನಿದ್ದೆ ಹೋದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತು, ಆಮೇಲೆ ಮಲಗಿಸುವ ಕ್ರಮವನ್ನು ಸೂಚಿಸಿದ್ದಾರೆ. ಮಗುವಿಗೆ ಎಚ್ಚರವಾಗುವುದು ಹೆಚ್ಚಾಗಿ ಮೈಯಿಂದ ಮೈ ಬೇರೆಯಾಗುವ ಗಳಿಗೆಯಲ್ಲೇ ಆದ್ದರಿಂದ, ಆ ಕುಳಿತುಕೊಳ್ಳುವ ನಿಮಿಷಗಳನ್ನು ಬಿಡಬಾರದು. ಅಳು ಹೆಚ್ಚಾದಾಗ ಒಬ್ಬರು ಗಿಲಕಿ ಆಡಿಸಿ, ಇನ್ನೊಬ್ಬರು ತೂಗಿ, ಮತ್ತೊಬ್ಬರು ಟಿವಿ ಹಚ್ಚುವುದರಿಂದ ಮಗು ಇನ್ನಷ್ಟು ಕಂಗೆಡುತ್ತದೆ. ದೀಪ ಮಂದ ಮಾಡಿ, ಒಬ್ಬರೇ ಎತ್ತಿಕೊಂಡು, ಒಂದು ಉಪಾಯಕ್ಕೆ ಕನಿಷ್ಠ ಐದು ನಿಮಿಷವಾದರೂ ಕೊಡಬೇಕು. ಫ್ಯಾನಿನ ಏಕನಾದವಾಗಲಿ, ಕಿವಿಯ ಬಳಿ ಎಳೆದೆಳೆದು ಹೇಳುವ "ಶ್ಶ್" ಎಂಬ ಸದ್ದಾಗಲಿ, ಅಜ್ಜಿಯ ಜೋಗುಳವಾಗಲಿ ಹಲವು ಮಕ್ಕಳಿಗೆ ಹಿಡಿಸುತ್ತದೆ.

ಹತ್ತಿಯ ತೆಳುಬಟ್ಟೆಯಲ್ಲಿ ಸುತ್ತುವುದಾದರೆ ಸೊಂಟ ಮತ್ತು ಕಾಲುಗಳು ಮಡಚಿ ಆಡುವಷ್ಟು ಸಡಿಲವಿರಬೇಕು, ಸುತ್ತಿದ ಮಗುವನ್ನು ಬೆನ್ನ ಮೇಲೆಯೇ ಮಲಗಿಸಬೇಕು. ಸೀರೆಯ ಜೋಲಿಯಲ್ಲಿ ಹಾಕಿದಾಗ ಗಲ್ಲ ಎದೆಗೆ ಒತ್ತಿಕೊಂಡು ಉಸಿರಾಟಕ್ಕೆ ಅಡ್ಡಿಯಾಗಬಹುದಾದ್ದರಿಂದ ಒಬ್ಬರು ಎದುರಿಗೇ ಇದ್ದು ನೋಡಿಕೊಳ್ಳಬೇಕು, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ಬದಲಾಯಿಸಬೇಕು.

ಈಗ ಹಿರಿಯರೊಡನೆ ಜಟಾಪಟಿಯಾಗುವ ವಿಷಯ. ಮೊದಲ ಆರು ತಿಂಗಳು ಎದೆಹಾಲು ಮತ್ತು ವೈದ್ಯರು ಬರೆದುಕೊಟ್ಟ ಹನಿಗಳನ್ನು ಬಿಟ್ಟು ಮಗುವಿನ ಬಾಯಿಗೆ ಬೇರೇನೂ ಹೋಗಬಾರದು. ಗ್ರೈಪ್ ವಾಟರ್, ಸಕ್ಕರೆ ನೀರು, ಬಜೆ ಮತ್ತು ಜಾಯಿಕಾಯಿ ತೇಯ್ದ ಗುಟ್ಟಿ ಯಾವುದೂ ಬೇಡ. ಸಾಣೆಕಲ್ಲು ಮತ್ತು ನೀರಿನ ಕೊಳೆ ಮಗುವಿಗೆ ಭೇದಿ ತರಬಲ್ಲದು, ತೇಯ್ದದ್ದರಲ್ಲಿ ಎಷ್ಟು ಸತ್ವ ಇಳಿಯಿತೆಂದು ಅಳೆಯುವ ದಾರಿಯೂ ಇಲ್ಲ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ರೋಗಾಣುವಿನ ಬೀಜಕಗಳು ಎಳೆಗೂಸಿನ ಕರುಳಲ್ಲಿ ಬೆಳೆದು ನರಗಳಿಗೆ ವಿಷವಾಗಬಲ್ಲವು. ಸ್ನಾನದ ನಂತರ ಹಾಕುವ ಸಾಂಬ್ರಾಣಿ ಹೊಗೆ ಮಗುವಿನ ಶ್ವಾಸನಾಳವನ್ನು ಕೆರಳಿಸುತ್ತದೆ. ಇದನ್ನೆಲ್ಲ ಬೇಡವೆನ್ನುವಾಗ ಅಜ್ಜಿಯನ್ನು ದೂರವಿಡುವ ಅಗತ್ಯವಿಲ್ಲ. ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ, ಹದವಾದ ಕೈಯಿಂದ ಎಣ್ಣೆ ಸವರಿ ಉಗುರುಬೆಚ್ಚಗಿನ ನೀರು ಹಾಕುವುದರಲ್ಲಿ ಅವರಿಗಿರುವ ಪಳಗಿದ ಕೈ ಸಂಜೆಯ ಅಳುವಿಗೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಕೆಲವು ಅಳುಗಳಿಗೆ ಮನೆಯಲ್ಲಿ ಕಾಯಬಾರದು. ಕಂಕುಳಲ್ಲಿಟ್ಟ ಥರ್ಮಾಮೀಟರ್ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿಸಿದರೆ, ಎದೆ ಮುಟ್ಟಿದರೂ ಮೈ ತಣ್ಣಗಿದ್ದರೆ, ಮಗು ಹಾಲು ಕುಡಿಯುವುದನ್ನು ಬಿಟ್ಟು ಸುಸ್ತಾಗಿ ಬಿದ್ದಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ ಅಥವಾ ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ಹಸಿರು ವಾಂತಿ, ಮಲದಲ್ಲಿ ರಕ್ತ, ನೆತ್ತಿ ಉಬ್ಬುವುದು, ಫಿಟ್ಸ್, ಅಂಗೈ ಅಂಗಾಲಿನವರೆಗೆ ಹಬ್ಬಿದ ಹಳದಿ, ತೊಡೆಸಂದಿಯಲ್ಲಿ ಗಟ್ಟಿ ಗಂಟು ಇವುಗಳಲ್ಲಿ ಯಾವುದೊಂದು ಕಂಡರೂ, ಸ್ವಂತ ಔಷಧಿ ಕೊಡದೆ ಆಸ್ಪತ್ರೆಗೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಮಗುವಿನ ಚಿಕಿತ್ಸೆ ಉಚಿತ.

ಎಂಥ ಸಿಟ್ಟು, ಎಂಥ ಆಯಾಸ ಬಂದರೂ ಮಗುವನ್ನು ಹಿಡಿದು ಅಲುಗಾಡಿಸಬಾರದು. ಕೆಲವೇ ಕ್ಷಣಗಳ ಜೋರಾದ ಅಲುಗಾಟ ಮಿದುಳಿನಲ್ಲಿ ರಕ್ತಸ್ರಾವ ಉಂಟುಮಾಡಬಲ್ಲದು. ಸಹನೆ ಮೀರುತ್ತಿದೆ ಅನ್ನಿಸಿದಾಗ ಮಗುವನ್ನು ಬೆನ್ನ ಮೇಲೆ ಸುರಕ್ಷಿತವಾಗಿ ಮಲಗಿಸಿ, ಹತ್ತು ನಿಮಿಷ ಹೊರಗೆ ನಿಂತು, ಮುಖ ತೊಳೆದು ಬರುವುದು ಸರಿಯಾದ ಕ್ರಮ. ಹಾಲು ಕುಡಿಸುವುದೊಂದನ್ನು ಬಿಟ್ಟರೆ ಉಳಿದೆಲ್ಲವನ್ನೂ ತಂದೆ ಮಾಡಬಹುದು. ರಾತ್ರಿ ಹಾಲಾದ ಮೇಲೆ ತೇಗು ಬರಿಸಿ ಎತ್ತಿಕೊಂಡು ತಿರುಗಾಡುವ ಹೊಣೆಯನ್ನು ಆತನೇ ಹೊತ್ತರೆ ತಾಯಿಗೆ ಒಂದಿಷ್ಟು ಹೊತ್ತು ತಡೆಯಿಲ್ಲದ ನಿದ್ದೆ ಸಿಗುತ್ತದೆ. ಮಗು ಮಲಗಿದಾಗಲೂ ಆಕೆಗೆ ನಿದ್ದೆ ಬಾರದಿದ್ದರೆ, ಎರಡು ವಾರ ಕಳೆದರೂ ಕಣ್ಣೀರು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಅದಕ್ಕೆ ಚಿಕಿತ್ಸೆಯಿದೆ: ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಆಕೆಗೆ ಧೈರ್ಯ ಸಾಲದಿದ್ದರೆ ಮನೆಯವರೇ ಕರೆ ಮಾಡಿ ಫೋನನ್ನು ಆಕೆಯ ಕೈಗೆ ಕೊಡಬಹುದು.